ಕೇಳದೆ ತೆಗೆದ ಚಿತ್ರ

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವನು ನಾನು. ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನಪತ್ರಿಕೆಗಳನ್ನು ಹಂಚಿದ ಮೇಲೆ, “ಮೊದಲು ಎರಡು ಸಲ ಓದಿಕೊಳ್ಳಿ, ಆಮೇಲೆ ಲೇಖನಿ ಎತ್ತಿ” ಎಂದು ಹೇಳದೆ ಹೋದ ವರ್ಷವೊಂದಿಲ್ಲ. ಅಂಥ ನಾನು ಕಳೆದ ಧನುರ್ಮಾಸದ ಒಂದು ಸಂಜೆ, ಎಷ್ಟು ಪುಟವಿದೆಯೆಂದು ಕೂಡ ನೋಡದೆ, ಒಂದು ಕರಾರಿನ ಮೇಲೆ ಬೆರಳೊತ್ತಿ ‘ಒಪ್ಪಿದ್ದೇನೆ’ ಎಂದುಬಿಟ್ಟೆ. ಒತ್ತಿಸಿದವಳು ಮೊಮ್ಮಗಳು. ರಜಕ್ಕೆ ಬಂದಿದ್ದಳು. “ತಾತ, ದಿನಾ ಬೆಳಿಗ್ಗೆ ತಿರುಗಾಡಿ ಬಂದು ಅದು ನೋಡಿದೆ, ಇದು ನೋಡಿದೆ ಅಂತ ಅಜ್ಜಿಗೆ ಹೇಳ್ತೀರಲ್ಲ, ಅದನ್ನೆಲ್ಲ ಇದರಲ್ಲಿ ಹಾಕಿ, ನಾನೂ ನೋಡ್ತೀನಿ” ಎಂದು ನನ್ನ ಸ್ಮಾರ್ಟ್‌ಫೋನಿನಲ್ಲಿ ಇನ್‌ಸ್ಟಾಗ್ರಾಂ ಎಂಬ ಆ್ಯಪನ್ನು ಇಳಿಸಿಕೊಟ್ಟಳು. ಖಾತೆಯನ್ನು ಎಲ್ಲರಿಗೂ ತೆರೆದಿಡಬೇಕೋ, ಬೇಕಾದವರಿಗೆ ಮಾತ್ರವೋ ಎಂದು ಕೇಳಿದಳು. ಮುಚ್ಚಿಡುವಂಥದು ನನ್ನಲ್ಲಿ ಏನಿದೆ, ತೆರೆದೇ ಇರಲಿ ಎಂದೆ. ಮುಚ್ಚಿಡುವಂಥದು ಬೇರೆಯವರಲ್ಲಿ ಇರಬಹುದೆಂಬ ಯೋಚನೆ ಆಗ ನನಗೆ ಬರಲಿಲ್ಲ.

ಈ ಆ್ಯಪಿನ ವಂಶಾವಳಿ ದೊಡ್ಡದೇನಲ್ಲ. 2010ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಕೆವಿನ್ ಸಿಸ್ಟ್ರಂ ಮತ್ತು ಬ್ರೆಜಿಲಿನಲ್ಲಿ ಹುಟ್ಟಿದ ಮೈಕ್ ಕ್ರೀಗರ್ ಎಂಬ ಇಬ್ಬರು ತರುಣರು ಇದನ್ನು ಹೊರತಂದರು. ಅದಕ್ಕೆ ಮೊದಲು ಅವರು ಕಟ್ಟಿದ್ದು ಬರ್ಬನ್ ಎಂಬ, ಮದ್ಯದ ಹೆಸರಿನ ಇನ್ನೊಂದು ಆ್ಯಪು. ಅದರಲ್ಲಿ ಹತ್ತಾರು ಸೌಕರ್ಯಗಳಿದ್ದುವು. ಜನಕ್ಕೆ ಬೇಕಾದದ್ದು ಚಿತ್ರ ಹಂಚುವುದೊಂದೇ ಎಂದು ಕಂಡಾಗ ಉಳಿದುದನ್ನೆಲ್ಲ ಕತ್ತರಿಸಿಹಾಕಿದರು. ಮೊದಲ ದಿನವೇ 25,000 ಮಂದಿ ಸೇರಿದರು. 2012ರ ಏಪ್ರಿಲಿನಲ್ಲಿ ಫೇಸ್‌ಬುಕ್ ಇದನ್ನು 100 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿದಾಗ ಅಲ್ಲಿ ಕೆಲಸ ಮಾಡುತ್ತಿದ್ದವರು 13 ಜನ. ಅದೇ ವರ್ಷದ ಜನವರಿಯಲ್ಲಿ, ಲೋಕಕ್ಕೆಲ್ಲ ಕ್ಯಾಮೆರಾ ಹಂಚಿದ ಕೊಡಕ್ ಕಂಪನಿ ದಿವಾಳಿ ಅರ್ಜಿ ಹಾಕಿತ್ತು. ಈಗ ಮೆಟಾ ಎಂದು ಹೆಸರು ಬದಲಿಸಿಕೊಂಡಿರುವ ಒಡೆಯ ಸಂಸ್ಥೆ 2025ರ ಸೆಪ್ಟೆಂಬರಿನಲ್ಲಿ ಹೇಳಿದ ಪ್ರಕಾರ ಇನ್‌ಸ್ಟಾಗ್ರಾಮನ್ನು ತಿಂಗಳಿಗೊಮ್ಮೆಯಾದರೂ ತೆರೆಯುವವರು 300 ಕೋಟಿ ಜನ. ನಾನು ಅವರ ಪೈಕಿ ಒಬ್ಬ.

ಇದನ್ನು ಬಳಸದ ನನ್ನ ವಯಸ್ಸಿನ ಮಿತ್ರರು ಇದರ ಮೇಲೆ ಹೊರಿಸುವ ಮುಖ್ಯ ಆರೋಪ ಆತ್ಮಪ್ರದರ್ಶನದ್ದು. ಊಟದ ತಟ್ಟೆಯನ್ನೂ ಮುಖದ ಮೊಡವೆಯನ್ನೂ ಲೋಕಕ್ಕೆ ತೋರಿಸುವ ಚಾಳಿ ಎನ್ನುತ್ತಾರೆ. ಎರಡು ವಾರ ಬಳಸಿದ ಮೇಲೆ ಆ ಆರೋಪ ನನಗೆ ಅಷ್ಟೇನೂ ಭಾರವಾಗಿ ಕಾಣಲಿಲ್ಲ. ಹೊಸ ಸೀರೆ ಉಟ್ಟ ದಿನ ನಾಲ್ಕು ಮನೆಯ ಮುಂದೆ ಹಾದುಹೋಗುವುದನ್ನು ನಮ್ಮ ಬೀದಿ ಬಹಳ ಕಾಲದಿಂದ ಕಂಡಿದೆ. ಗೊಂಬೆ ಕೂರಿಸಿ ನೆರೆಹೊರೆಯವರನ್ನು ಕರೆಯುವವರು ಬೇರೆ ಏನು ಮಾಡುತ್ತಾರೆ? ತನ್ನನ್ನು ತಾನು ತೋರಿಸಿಕೊಳ್ಳುವವನು ತನ್ನ ಲಾಭನಷ್ಟವನ್ನು ತಾನೇ ಅನುಭವಿಸುತ್ತಾನೆ. ನಿಜ ಹೇಳಬೇಕೆಂದರೆ ನನಗೆ ಅದರಿಂದ ಸಂತೋಷವೇ ಆಯಿತು. ಕುಕ್ಕರಹಳ್ಳಿ ಕೆರೆಯ ಮಂಜು, ಮುಚ್ಚಿದ ಅಂಗಡಿಯ ಜಗಲಿಯ ಮೇಲೆ ಮಲಗಿದ ಬೆಕ್ಕು, ಹಳೆಯ ಮನೆಯೊಂದರ ಬಣ್ಣ ಮಾಸಿದ ಬಾಗಿಲು — ಎಪ್ಪತ್ತು ದಾಟಿದ ಮೇಲೆ ಬೆಳಿಗ್ಗೆ ಹೊರಡಲು ಒಂದು ನೆಪ ಸಿಕ್ಕಿತು. ನೋಡಿಯೂ ನೋಡದಂತಿದ್ದ ಎಷ್ಟೋ ವಸ್ತುಗಳನ್ನು ನೋಡಿದೆ.

ಒಂದು ಬೆಳಿಗ್ಗೆ ಅಗ್ರಹಾರದ ಮೂಲೆಯಲ್ಲಿ ಹೂ ಮಾರುವಾಕೆಯನ್ನು ನೋಡಿದೆ. ನೋಡಿದೆ ಎನ್ನುವುದು ತಪ್ಪು. ನಮ್ಮ ಮನೆಗೆ ಹದಿನೈದು ವರ್ಷದಿಂದ ಆಕೆಯೇ ಹೂ ಕೊಡುವವಳು. ಚಳಿಗೆ ಗಂಡಸರ ಹಳೆಯ ಸ್ವೆಟರೊಂದನ್ನು ಸೀರೆಯ ಮೇಲೆ ತೊಟ್ಟು, ತಲೆಗೆ ಟವೆಲು ಸುತ್ತಿ, ಕಾಕಡ ಮತ್ತು ಕನಕಾಂಬರದ ರಾಶಿಯ ಹಿಂದೆ ತಲೆ ತಗ್ಗಿಸಿ ಕಟ್ಟುತ್ತ ಕುಳಿತಿದ್ದಳು. ಟವೆಲಿನ ಅಂಚಿನಿಂದ ನರೆಗೂದಲು ಕೆದರಿ ಹಣೆಗೆ ಬಿದ್ದಿತ್ತು. ಸ್ವೆಟರಿನ ಮೊಣಕೈ ಹರಿದಿತ್ತು. ಬಾಯಲ್ಲಿ ನಾರಿನ ತುದಿ. ಬೀದಿದೀಪ ಇನ್ನೂ ಆರಿರಲಿಲ್ಲ. ನಾನು ಎದುರು ಬದಿಯಲ್ಲಿ ನಿಂತು ಒಂದರ ಮೇಲೊಂದು ನಾಲ್ಕು ಸಲ ಒತ್ತಿದೆ. ಮನೆಗೆ ಬಂದು ನಾಲ್ಕರಲ್ಲಿ ಒಂದನ್ನು ಆರಿಸಿ, ಆ್ಯಪಿನಲ್ಲಿರುವ ‘ಇಂಕ್‌ವೆಲ್’ ಎಂಬ ಸೋಸುಬಣ್ಣವನ್ನು ಹಚ್ಚಿದೆ. ಮಸಿಕುಡಿಕೆಯೆಂಬ ಹೆಸರನ್ನು ಕಂಡು ಹಳೆಯ ಮೇಷ್ಟ್ರಿಗೆ ಮೋಹ ಹುಟ್ಟಿತೆಂದರೂ ಸರಿಯೇ. ಅದು ಬಣ್ಣವನ್ನೆಲ್ಲ ಹೀರಿಕೊಂಡು ಚಿತ್ರವನ್ನು ಕಪ್ಪುಬಿಳುಪಾಗಿಸುತ್ತದೆ. ಕನಕಾಂಬರದ ಕೆಂಪು ಹೋಯಿತು. ಬದಲಿಗೆ ಆಕೆಯ ಮುಖದ ಗೆರೆಗಳು ಎದ್ದು ನಿಂತುವು. ಆ ಮೊಣಕೈಯ ಹರಕೇ ಚಿತ್ರದ ಜೀವವೆಂದು ನನಗೆ ತೋರಿತು. ಸಂಜೆಯೊಳಗೆ 43 ಮಂದಿ ಮೆಚ್ಚಿಗೆಯ ಹೃದಯಮುದ್ರೆ ಒತ್ತಿದ್ದರು. ಯಾವ ದೇಶದವರೋ ತಿಳಿಯದ ಒಬ್ಬರು ಕೈಮುಗಿದ ಚಿಹ್ನೆಯೊಂದನ್ನು ಹಾಕಿದ್ದರು.

ಮೂರು ದಿನ ಬಿಟ್ಟು, ಹೂ ಕೊಳ್ಳುವ ಹೊತ್ತಿನಲ್ಲಿ, ಬಹುಮಾನ ಕೊಡುವವನ ಉತ್ಸಾಹದಿಂದ ಅದನ್ನು ಆಕೆಯ ಮುಂದೆ ಹಿಡಿದೆ. ಸೆರಗಿಗೆ ಕೈ ಒರೆಸಿಕೊಂಡು ಫೋನನ್ನು ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು.

“ನಾನೇ ಅಲ್ವಾ ಮೇಷ್ಟ್ರೇ? ಯಾವಾಗ ತೆಗೆದ್ರಿ?”

ಹೇಳಿದೆ.

“ಯಾರ್ಯಾರು ನೋಡವ್ರೆ?”

ನಲವತ್ತಮೂರು ಜನ ಮೆಚ್ಚಿದ್ದಾರಮ್ಮ ಎಂದೆ.

“ನಮ್ಮೋರಾ?”

ಅಲ್ಲ, ಎಲ್ಲೆಲ್ಲಿಯವರೋ ಎಂದೆ. ಮೆಚ್ಚಿದವರ ಹೆಸರಾದರೂ ಅಲ್ಲಿ ಕಾಣುತ್ತದೆ. ನೋಡಿ ಸುಮ್ಮನೆ ಮುಂದೆ ಹೋದವರು ಯಾರೆಂಬುದು ಹಾಕಿದವನಿಗೂ ತಿಳಿಯುವುದಿಲ್ಲ.

“ಒಂದ್ ಮಾತು ಹೇಳಿದ್ರೆ ತಲೆನಾದ್ರೂ ಬಾಚ್ಕೊತಿದ್ದೆ” ಎಂದಳು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಫೋನನ್ನು ಹಿಂದಕ್ಕೆ ಕೊಟ್ಟು, ಒಂದು ಮಾರು ಹೂ ಅಳೆದು ಎಲೆಗೆ ಸುತ್ತುತ್ತ ಕೇಳಿದಳು: “ಈಗ ವಾಪಸ್ ತಗೊಳಕ್ಕಾಯ್ತದಾ?”

ಈ ಪ್ರಶ್ನೆಗೆ ಉತ್ತರ ಹೇಳಲಿಕ್ಕಾಗಿಯೇ, ಬೆರಳೊತ್ತಿ ಒಪ್ಪಿದ್ದ ಕರಾರನ್ನು ಕೊನೆಗೂ ಕುಳಿತು ಓದಿದೆ. ನಾನು ಹಾಕುವ ಚಿತ್ರ ನನ್ನದೇ. ಒಡೆತನವನ್ನು ಸಂಸ್ಥೆ ಕೇಳುವುದಿಲ್ಲ. ಅದು ಕೇಳುವುದು ಪರವಾನಗಿಯನ್ನು. ಆ ಚಿತ್ರವನ್ನು ಲೋಕದ ಯಾವ ಮೂಲೆಯಲ್ಲಾದರೂ ಬಳಸುವ, ಹಂಚುವ, ಮಾರ್ಪಡಿಸುವ, ಪ್ರತಿಮಾಡುವ, ಅದರಿಂದ ಬೇರೆ ಕೃತಿಗಳನ್ನು ಹುಟ್ಟಿಸುವ, ಇದೇ ಹಕ್ಕನ್ನು ಇತರರಿಗೂ ದಾಟಿಸುವ ಪರವಾನಗಿ, ಅದಕ್ಕೆ ಪ್ರತಿಫಲವಿಲ್ಲ. ಇನ್ನೊಬ್ಬರ ಹಕ್ಕಿಗೆ ಭಂಗ ತರುವಂತಿಲ್ಲ ಎಂಬ ಮಾತೂ ಅಲ್ಲಿದೆ. ತಂದರೆ ಹೊಣೆ ನನ್ನದು. ಚಿತ್ರವನ್ನು ನಾನು ಅಳಿಸಬಹುದು. ಅಳಿಸಿದ್ದು ಮೂವತ್ತು ದಿನ ಒಂದು ಪೆಟ್ಟಿಗೆಯಲ್ಲಿ ಕುಳಿತಿದ್ದು ಆಮೇಲೆ ಹೋಗುತ್ತದೆ. ಅಷ್ಟರಲ್ಲಿ ಯಾರಾದರೂ ತಮ್ಮ ಫೋನಿನ ಪರದೆಯನ್ನೇ ಚಿತ್ರ ತೆಗೆದಿಟ್ಟುಕೊಂಡಿದ್ದರೆ ಅದನ್ನು ಮರಳಿ ಪಡೆಯಲು ಯಾವ ಗುಂಡಿಯೂ ಇಲ್ಲ. ಕರಾರಿನಲ್ಲಿ ಇರುವ ಪಕ್ಷಗಳು ಎರಡೇ: ಸಂಸ್ಥೆ ಮತ್ತು ನಾನು. ಹೂ ಕಟ್ಟುವಾಕೆ ಎಲ್ಲಿಯೂ ಇಲ್ಲ. ತನ್ನ ಚಿತ್ರವನ್ನು ತೆಗೆಸಿಹಾಕಿರೆಂದು ಹೊರಗಿನವರು ದೂರಿಕೊಳ್ಳಲು ದಾರಿಯುಂಟು, ಸರಿ. ಆದರೆ ಚಿತ್ರ ಅಲ್ಲಿದೆಯೆಂಬುದು ದೂರುವವರಿಗೆ ಮೊದಲು ಗೊತ್ತಾಗಬೇಕಷ್ಟೆ. ನಾನು ಜಂಬಪಟ್ಟು ತೋರಿಸದೆ ಹೋಗಿದ್ದರೆ ಆಕೆಗೆ ಈ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ತಂದೆತಾಯಿಗಳ ಕಾಲದಲ್ಲಿ ಚಿತ್ರ ತೆಗೆಸಿಕೊಳ್ಳುವುದೆಂದರೆ ಸ್ಟುಡಿಯೋಕ್ಕೆ ಹೋಗುವುದು. ಮದುವೆಯ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ, ಬಣ್ಣ ಬಳಿದ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕುಳಿತುಕೊಳ್ಳುವುದು. ಮುಖದಲ್ಲಿ ಜೀವವಿಲ್ಲ, ಎಲ್ಲರೂ ಗಾಬರಿಯಾದ ಹಾಗಿದ್ದಾರೆ ಎಂದು ಆ ಚಿತ್ರಗಳನ್ನು ಕಂಡು ನಾವು ನಗುತ್ತೇವೆ. ಆದರೆ ಅವುಗಳಲ್ಲಿ ಇರುವವರು ತಾವು ಹೇಗೆ ಕಾಣಬೇಕೆಂಬುದನ್ನು ತಾವೇ ತೀರ್ಮಾನ ಮಾಡಿದವರು. ನಮ್ಮ 1957ರ ಕೃತಿಸ್ವಾಮ್ಯದ ಕಾಯಿದೆ ಕೂಡ ಈ ವ್ಯವಹಾರವನ್ನು ಅರ್ಥಮಾಡಿಕೊಂಡಿದೆ. ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನು. ಆದರೆ ಒಬ್ಬರು ಹಣ ಕೊಟ್ಟು ತಮಗಾಗಿ ತೆಗೆಸಿದ ಚಿತ್ರವಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಅದರ ಮೊದಲ ಒಡೆತನ ತೆಗೆಸಿದವರದೇ. ಸ್ಟುಡಿಯೋದಲ್ಲಿ ದುಡ್ಡು ಎಣಿಸಿ ಮದುವೆಯ ಜೋಡಿಚಿತ್ರ ತೆಗೆಸಿಕೊಂಡ ಬಡವನೂ ಕಾಯಿದೆಯ ಮಟ್ಟಿಗೆ ತನ್ನ ಮುಖಕ್ಕೆ ಒಡೆಯ. ಎದುರು ಬದಿಯಲ್ಲಿ ನಿಂತು ನಾನು ಬಿಟ್ಟಿ ತೆಗೆದ ಹೂವಿನವಳ ಚಿತ್ರಕ್ಕೆ ಪೂರ್ತಿ ಒಡೆಯ ನಾನು.

ಕ್ಯಾಮೆರಾ ಸ್ಟುಡಿಯೋವನ್ನು ಬಿಟ್ಟು ಬೀದಿಗೆ ಇಳಿದ ಕೂಡಲೆ ಈ ಜಗಳ ಹುಟ್ಟಿತು, ಇದು ಇಂದಿನದಲ್ಲ. ಅಮೆರಿಕದ ರಾಚೆಸ್ಟರ್ ಪಟ್ಟಣದ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ತನ್ನ ಕೊಡಕ್ ಪೆಟ್ಟಿಗೆಯನ್ನು ಮಾರಾಟಕ್ಕಿಟ್ಟ. ಅದರೊಳಗೆ ನೂರು ಚಿತ್ರಕ್ಕಾಗುವ ಸುರುಳಿ. ಗುಂಡಿ ಒತ್ತುವುದಷ್ಟೇ ಕೊಂಡವನ ಕೆಲಸ. ಎರಡು ವರ್ಷ ತುಂಬಿದಾಗ, 1890ರ ಡಿಸೆಂಬರಿನಲ್ಲಿ, ವಾರೆನ್ ಮತ್ತು ಬ್ರಾಂಡೈಸ್ ಎಂಬ ಇಬ್ಬರು ವಕೀಲರು ಹಾರ್ವರ್ಡಿನ ಕಾನೂನು ಪತ್ರಿಕೆಯಲ್ಲಿ ಖಾಸಗಿತನದ ಹಕ್ಕನ್ನು ಕುರಿತು ಪ್ರಸಿದ್ಧವಾದ ಲೇಖನ ಬರೆದರು. ಅದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಕ್ಷಣಮಾತ್ರದಲ್ಲಿ ತೆಗೆಯಬಹುದಾದ ಛಾಯಾಚಿತ್ರವೂ ಒಂದು.

ಅದೇ ರಾಚೆಸ್ಟರಿನಲ್ಲಿ ಅಬಿಗೈಲ್ ರಾಬರ್ಸನ್ ಎಂಬ ಎಳೆಯ ಹುಡುಗಿಯಿದ್ದಳು. ಹಿಟ್ಟಿನ ವ್ಯಾಪಾರಿಗಳು ಅವಳನ್ನು ಒಂದು ಮಾತೂ ಕೇಳದೆ ಅವಳ ಮುಖವನ್ನು ತಮ್ಮ ಜಾಹೀರಾತಿನಲ್ಲಿ ಅಚ್ಚುಹಾಕಿಸಿ, ಸುಮಾರು 25,000 ಪ್ರತಿಗಳನ್ನು ಅಂಗಡಿ, ಉಗ್ರಾಣ, ಪಾನಗೃಹಗಳಲ್ಲಿ ಅಂಟಿಸಿದರು. ಕಂಡವರೆಲ್ಲ ಆಡಿಕೊಂಡು ನಕ್ಕರು. ಹುಡುಗಿ ಹಾಸಿಗೆ ಹಿಡಿದಳು. ನ್ಯೂಯಾರ್ಕ್ ರಾಜ್ಯದ ಮೇಲಿನ ನ್ಯಾಯಾಲಯ 1902ರಲ್ಲಿ ಮೂವರ ವಿರುದ್ಧ ನಾಲ್ವರ ಮತದಿಂದ ಅವಳ ದಾವೆಯನ್ನು ತಳ್ಳಿಹಾಕಿತು. ಇಂಥದೊಂದು ಹಕ್ಕು ಕಾನೂನಿನಲ್ಲಿ ಇಲ್ಲವೆಂಬುದು ಬಹುಮತದ ನಿಲುವು. ಚಿತ್ರ ಚೆನ್ನಾಗಿಯೇ ಬಂದಿದೆ, ಇನ್ನೊಬ್ಬಳಾಗಿದ್ದರೆ ಇದನ್ನು ಹೊಗಳಿಕೆಯೆಂದೇ ಎಣಿಸುತ್ತಿದ್ದಳು ಎಂಬ ಭಾವದ ಮಾತೂ ಆ ತೀರ್ಪಿನಲ್ಲಿ ಬಂದಿದೆ. ಇದನ್ನು ಓದಿದಾಗ ನನ್ನ ಕಿವಿ ಬಿಸಿಯಾಯಿತು. ಹೂವಾಡಗಿತ್ತಿಯ ಮುಂದೆ ಫೋನು ಹಿಡಿದು ನಿಂತಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಇದೇ ಮಾತು. ತೀರ್ಪಿನ ವಿಷಯದಲ್ಲಿ ಜನ ರೇಗಿದರು. ಮರುವರ್ಷವೇ, 1903ರಲ್ಲಿ, ಒಬ್ಬರ ಚಿತ್ರವನ್ನು ಅವರ ಬರಹದ ಒಪ್ಪಿಗೆಯಿಲ್ಲದೆ ಜಾಹೀರಾತಿಗೂ ವ್ಯಾಪಾರಕ್ಕೂ ಬಳಸಬಾರದೆಂದು ಆ ರಾಜ್ಯ ಶಾಸನ ಮಾಡಿತು. ತೀರ್ಪು ಬರೆದ ಆಲ್ಟನ್ ಪಾರ್ಕರ್ 1904ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ, ಛಾಯಾಗ್ರಾಹಕರು ತನ್ನನ್ನೂ ತನ್ನ ಮನೆಯವರನ್ನೂ ಬೆನ್ನಟ್ಟುತ್ತಿದ್ದಾರೆಂದು ಬೇಸರಪಟ್ಟಾಗ, ರಾಬರ್ಸನ್ ಪತ್ರಿಕೆಯ ಮೂಲಕವೇ ಅವನಿಗೆ ಅವನ ತೀರ್ಪನ್ನು ನೆನಪಿಸಿದಳು. ಇಂಥ ಉತ್ತರ ಕೊಡುವ ಅವಕಾಶ ಲೋಕದಲ್ಲಿ ಎಲ್ಲರಿಗೂ ಒದಗುವುದಿಲ್ಲ.

ನನ್ನ ಹೂವಾಡಗಿತ್ತಿಯ ಚಿತ್ರ ಜಾಹೀರಾತೆ? ಅಲ್ಲ. ವ್ಯಾಪಾರವೆ? ನನಗಂತೂ ಕಾಸು ಬಂದಿಲ್ಲ. ಆದರೆ ಆ ಚಿತ್ರದ ಹಿಂದೆಯೂ ಮುಂದೆಯೂ ಜಾಹೀರಾತು ಬರುತ್ತದೆ. ಜನ ಚಿತ್ರ ನೋಡಲು ಬರುತ್ತಾರೆ, ಬಂದವರ ಕಣ್ಣನ್ನು ಜಾಹೀರಾತಿನವರಿಗೆ ಮಾರಲಾಗುತ್ತದೆ. 2024ರಲ್ಲಿ ಮೆಟಾದ ಒಟ್ಟು ವರಮಾನ ಸುಮಾರು 16,450 ಕೋಟಿ ಡಾಲರು. ಅದರಲ್ಲಿ 16,060 ಕೋಟಿ ಜಾಹೀರಾತಿನಿಂದಲೇ ಬಂದದ್ದು. ಹಿಟ್ಟಿನ ವ್ಯಾಪಾರಿ ಒಂದು ಮುಖವನ್ನು ಹಿಟ್ಟಿನ ಚೀಲಕ್ಕೆ ಕಟ್ಟಿದ್ದ, ಆದ್ದರಿಂದ ಹಿಡಿಯಲು ಸಾಧ್ಯವಾಯಿತು. ಇಲ್ಲಿ ಲೆಕ್ಕವಿಲ್ಲದಷ್ಟು ಮುಖಗಳು ಯಾವ ಚೀಲಕ್ಕೂ ಕಟ್ಟಿಲ್ಲ. ಸಂತೆಗೆ ಜನ ಸೇರಿಸುವ ಕೆಲಸವನ್ನು ಮಾತ್ರ ಮಾಡುತ್ತವೆ.

ಹಾಗೆಂದು ಈ ಹದಿನೈದು ವರ್ಷಗಳಲ್ಲಿ ಹಕ್ಕಿನ ಗಲಾಟೆ ಆಗಿಯೇ ಇಲ್ಲವೆಂದಲ್ಲ. 2012ರ ಡಿಸೆಂಬರಿನಲ್ಲಿ ಇನ್‌ಸ್ಟಾಗ್ರಾಂ ತನ್ನ ಕರಾರನ್ನು ಬದಲಿಸಹೊರಟು, ಬಳಕೆದಾರರ ಚಿತ್ರಗಳನ್ನು ಪ್ರತಿಫಲವಿಲ್ಲದೆ ಜಾಹೀರಾತಿನೊಡನೆ ತೋರಿಸಬಹುದೆಂಬ ಅರ್ಥದ ವಾಕ್ಯ ಸೇರಿಸಿದಾಗ ದೊಡ್ಡ ಕೂಗೆದ್ದಿತು. ಕೆಲವೇ ದಿನಗಳಲ್ಲಿ ಆ ಭಾಗವನ್ನು ಹಿಂದಕ್ಕೆ ತೆಗೆದುಕೊಳ್ಳಲಾಯಿತು. 2014ರಲ್ಲಿ ರಿಚರ್ಡ್ ಪ್ರಿನ್ಸ್ ಎಂಬ ಕಲಾವಿದ ಇತರರು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ್ದ ಚಿತ್ರಗಳನ್ನು, ಕೆಳಗೆ ತನ್ನದೊಂದು ಟೀಕೆ ಸೇರಿಸಿ, ಕ್ಯಾನ್ವಾಸಿನ ಮೇಲೆ ದೊಡ್ಡದಾಗಿ ಅಚ್ಚುಹಾಕಿಸಿ ನ್ಯೂಯಾರ್ಕಿನ ಗ್ಯಾಲರಿಯಲ್ಲಿ ಪ್ರದರ್ಶಿಸಿದ. ಅಂಥ ಒಂದೊಂದು ಚಿತ್ರ 90,000 ಡಾಲರಿಗೆ ಹೋಯಿತೆಂದು ವರದಿಯಾದಾಗ, ಚಿತ್ರ ಕಳೆದುಕೊಂಡ ಒಂದು ಗುಂಪಿನವರು ಅದೇ ಪ್ರತಿಯನ್ನು 90 ಡಾಲರಿಗೆ ಮಾರಿ ಸೇಡು ತೀರಿಸಿಕೊಂಡರು. ಇಬ್ಬರು ಛಾಯಾಗ್ರಾಹಕರು ಹೂಡಿದ್ದ ದಾವೆಗಳು 2024ರ ಜನವರಿಯಲ್ಲಿ ಪ್ರಿನ್ಸನ ವಿರುದ್ಧ ಮುಗಿದುವು. ಅದರಲ್ಲೊಂದು ಜಮೈಕಾದ ರಾಸ್ತಫಾರಿ ಪಂಥದವನೊಬ್ಬ ಹೊಗೆ ಸೇದುತ್ತಿರುವ ಚಿತ್ರ. ತೆಗೆದವನಿಗೂ ಕದ್ದವನಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು, ನ್ಯಾಯವೂ ದೊರೆಯಿತು. ಆ ಮುಖ ಯಾರದೋ ಅವನು ಮಾತ್ರ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. 2012ರ ಕೂಗೂ ಹಾಗೆಯೇ: ಕೂಗಿದವರೆಲ್ಲ ಚಿತ್ರ ಹಾಕಿದವರು.

ಈ ಪಕ್ಷಪಾತ ಯಂತ್ರದ ಮೈಯಲ್ಲೇ ಸೇರಿಹೋಗಿದೆ ಎಂಬುದನ್ನು ನಾನು ಕಂಡುಕೊಂಡದ್ದು ಮೊಮ್ಮಗಳಿಂದ. ಅವಳು ಕಾಲೇಜಿನ ಉತ್ಸವದ ಚಲನಚಿತ್ರವೊಂದನ್ನು ಹಾಕಲು ಹೋದಳು. ಹಿಂದೆ ಎಲ್ಲೋ ಒಂದು ಸಿನಿಮಾ ಹಾಡು ಕೇಳಿಸುತ್ತಿತ್ತು. ಹಾಡಿನ ಹಕ್ಕುದಾರರು ಬೇರೆ ಇದ್ದಾರೆಂದು ಯಂತ್ರ ತಾನೇ ಗುರುತಿಸಿ ಸದ್ದನ್ನು ಅಡಗಿಸಿಬಿಟ್ಟಿತು. ಯಂತ್ರದ ಕಿವಿಯ ಚುರುಕಿಗೆ ನಾನು ಬೆರಗಾದೆ. ಅದೇ ಚಿತ್ರದಲ್ಲಿ ಕುಣಿಯುತ್ತಿದ್ದ, ನೋಡುತ್ತಿದ್ದ, ಬಾಯಿ ತೆರೆದು ಆಕಳಿಸುತ್ತಿದ್ದ ಐವತ್ತು ಮುಖಗಳ ಬಗ್ಗೆ ಅದು ತುಟಿ ಎರಡುಮಾಡಲಿಲ್ಲ. ಚಿತ್ರ ಹಾಕುವಾಗ ಆ್ಯಪು ನನ್ನನ್ನು ಏನೆಲ್ಲ ಕೇಳುತ್ತದೆ: ಎಲ್ಲಿ ತೆಗೆದದ್ದು, ಯಾರ ಖಾತೆಯನ್ನು ಇದಕ್ಕೆ ಜೋಡಿಸಬೇಕು, ಯಾವ ಸಂಗೀತ ಬೇಕು. ‘ಇವರನ್ನು ಕೇಳಿದಿರಾ?’ ಎಂದು ಒಂದು ಸಾಲು ಸೇರಿಸಲು ಎಷ್ಟು ಖರ್ಚಾದೀತು? ಹಾಡಿನ ಹಿಂದೆ ಕಂಪನಿಗಳಿವೆ, ವಕೀಲರಿದ್ದಾರೆ.

ಬೆಲೆಯುಳ್ಳ ಮುಖಗಳಿಗೂ ವಕೀಲರಿದ್ದಾರೆ. 2022ರಲ್ಲಿ ಅಮಿತಾಭ್ ಬಚ್ಚನ್, 2023ರಲ್ಲಿ ಅನಿಲ್ ಕಪೂರ್ ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋಗಿ, ತಮ್ಮ ಹೆಸರು, ರೂಪ, ಧ್ವನಿಗಳನ್ನು ಅಪ್ಪಣೆಯಿಲ್ಲದೆ ಬಳಸಬಾರದೆಂಬ ಆಜ್ಞೆ ಪಡೆದರು. ಅವರು ಮಾಡಿದ್ದು ಸರಿಯೇ. ಆದರೆ ಆ ಹಕ್ಕು ನಿಂತಿರುವುದು ಬಹುಮಟ್ಟಿಗೆ ಕೀರ್ತಿಯ ಬೆಲೆಯ ಮೇಲೆ. ಡೆನ್ಮಾರ್ಕ್ ಸರ್ಕಾರ ಮಾತ್ರ 2025ರಲ್ಲಿ, ಯಂತ್ರಬುದ್ಧಿಯಿಂದ ಹುಟ್ಟುವ ನಕಲಿಚಿತ್ರಗಳಿಗೆ ಎದುರಾಗಿ, ಸಾಮಾನ್ಯ ಪ್ರಜೆಗೂ ತನ್ನ ಮುಖ ಧ್ವನಿಗಳ ಮೇಲೆ ಹಕ್ಕು ಕೊಡುವ ಪ್ರಸ್ತಾಪವನ್ನು ಮುಂದಿಟ್ಟಿತು.

ನಮ್ಮಲ್ಲಿ? ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದರು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು. ಎಂಬತ್ತಾರನೆಯ ವಯಸ್ಸಿನಲ್ಲಿ ಅರ್ಜಿ ಹಾಕಿ, ಗೆದ್ದು, 2024ರಲ್ಲಿ ತೀರಿಕೊಂಡರು. ಆ ತೀರ್ಪಿನ ಬೆನ್ನಿಗೆ ಬಂದದ್ದು 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದುವು. ಮುಖ್ಯವಾದ ಕಟ್ಟಳೆಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಗಡುವು ಇಟ್ಟುಕೊಳ್ಳಲಾಗಿದೆ. ನಾನು ವಕೀಲನಲ್ಲ, ಆದರೂ ಆ ಕಾಯಿದೆಯ ಮೂರನೆಯ ಪ್ರಕರಣವನ್ನು ಈ ಸಲ ಎರಡಲ್ಲ, ನಾಲ್ಕು ಬಾರಿ ಓದಿದೆ. ಒಬ್ಬ ವ್ಯಕ್ತಿ ತನ್ನ ಸ್ವಂತದ ಅಥವಾ ಮನೆವಾರ್ತೆಯ ಉದ್ದೇಶಕ್ಕೆ ಮಾಡುವುದಕ್ಕೆ ಕಾಯಿದೆ ಅನ್ವಯಿಸುವುದಿಲ್ಲ; ತನ್ನ ವಿವರವನ್ನು ತಾನೇ ಬಹಿರಂಗಪಡಿಸಿದವನ ಆ ವಿವರಕ್ಕೂ ಅನ್ವಯಿಸುವುದಿಲ್ಲ. ನಿವೃತ್ತ ಮೇಷ್ಟ್ರೊಬ್ಬ ಹವ್ಯಾಸಕ್ಕಾಗಿ ಚಿತ್ರ ಹಾಕುವುದು ಸ್ವಂತದ ಉದ್ದೇಶವೆಂದರೆ ಅಲ್ಲಗಳೆಯುವುದು ಕಷ್ಟ. ಹೂವಾಡಗಿತ್ತಿ ತನ್ನನ್ನು ತಾನು ಬಹಿರಂಗಪಡಿಸಿಕೊಂಡವಳಲ್ಲ, ಆದ್ದರಿಂದ ಎರಡನೆಯ ವಿನಾಯಿತಿ ಅವಳನ್ನು ಮುಟ್ಟದು. ಸಂಸ್ಥೆಯ ಮೇಲೆ ಅವಳಿಗೊಂದು ಹಕ್ಕು ಉಳಿಯಬಹುದು. ಆದರೆ ತಾನು ಅಲ್ಲಿದ್ದೇನೆಂಬುದೇ ತಿಳಿಯದವಳು ಆ ಹಕ್ಕನ್ನು ಹಿಡಿದು ಯಾವ ಬಾಗಿಲು ತಟ್ಟಬೇಕು?

ಅಷ್ಟರಲ್ಲಿ ‘ವಾಪಸ್ ತಗೊಳಕ್ಕಾಯ್ತದಾ’ ಎಂಬ ಪ್ರಶ್ನೆಗೆ ಹೊಸದೊಂದು ತೊಡಕು ಸೇರಿದೆ. ಎಲ್ಲರಿಗೂ ತೆರೆದ ಖಾತೆಗಳ ಚಿತ್ರಗಳನ್ನೂ ಬರಹಗಳನ್ನೂ ತನ್ನ ಕೃತಕ ಬುದ್ಧಿಮತ್ತೆಗೆ ಪಾಠ ಹೇಳಲು ಬಳಸುವುದಾಗಿ ಮೆಟಾ 2024ರಲ್ಲಿ ಯೂರೋಪಿನವರಿಗೆ ತಿಳಿಸಿತು. ಆ ಜೂನಿನಲ್ಲಿ ಐರ್ಲೆಂಡಿನ ದತ್ತಾಂಶ ಆಯೋಗ ತಡೆಯಲು ಕೇಳಿದ ಮೇಲೆ ನಿಲ್ಲಿಸಿ, ಬೇಡವೆನ್ನುವವರಿಗೆ ಒಂದು ನಮೂನೆಯನ್ನು ಕೊಟ್ಟು, 2025ರ ಮೇ ತಿಂಗಳಲ್ಲಿ ಅಲ್ಲಿ ಆರಂಭಿಸಿತು. ಖಾತೆಯೇ ಇಲ್ಲದವರು ಕೂಡ, ಬೇರೆಯವರು ಹಾಕಿದ ಚಿತ್ರದಲ್ಲಿ ಕಾಣಿಸಿಕೊಂಡಿದ್ದರೆ, ಈ ಪಾಠದೊಳಗೆ ಬರಬಹುದೆಂದು ಆ ಸಂಸ್ಥೆಯೇ ತನ್ನ ವಿವರಣೆಯಲ್ಲಿ ಹೇಳಿದೆ. ಕಾಗದದ ಚಿತ್ರವನ್ನು ಹರಿಯಬಹುದು. ಕಲಿತ ಪಾಠವನ್ನು ತಲೆಯಿಂದ ಕಿತ್ತುಹಾಕುವುದು ಹೇಗೆಂಬುದು ಮೇಷ್ಟ್ರುಗಳಿಗೆ ಗೊತ್ತಿರುವ ಕಷ್ಟ. ‘ಹೂ ಕಟ್ಟುವ ಭಾರತೀಯ ಮುದುಕಿ, ಹರಿದ ಸ್ವೆಟರು’ ಎಂದು ಯಾರಾದರೂ ಕೇಳಿದಾಗ ಯಂತ್ರ ಬರೆದುಕೊಡುವ ಮುಖದಲ್ಲಿ ನಮ್ಮ ಅಗ್ರಹಾರದ ಮೂಲೆಯ ಒಂದು ಗೆರೆ ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ. ಯಾರೂ ಹೇಳಲಾರರು.

ಇದಕ್ಕೆ ಒಬ್ಬ ಮಿತ್ರರು ಎತ್ತಿದ ಆಕ್ಷೇಪವನ್ನು ಹೇಳದಿದ್ದರೆ ಅನ್ಯಾಯವಾದೀತು. “ಹಾಗಾದರೆ ಟಿ. ಎಸ್. ಸತ್ಯನ್ ಅವರನ್ನು ಏನೆನ್ನುತ್ತೀರಿ?” ಎಂದರು. ಸತ್ಯನ್ ನಮ್ಮ ಮೈಸೂರಿನವರು, 2009ರಲ್ಲಿ ತೀರಿಕೊಂಡರು. ಅವರು ಬಾಳೆಲ್ಲ ತೆಗೆದದ್ದು ಸಾಮಾನ್ಯ ಜನರನ್ನು, ಬೀದಿಯ ಮಕ್ಕಳನ್ನು. ಮಕ್ಕಳ ವರ್ಷವೆಂದು ಆಚರಿಸಿದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡುವು. ಪ್ರತಿ ಸಲವೂ ತಲೆ ಬಾಚಿಕೊಳ್ಳಲು ಬಿಟ್ಟಿದ್ದರೆ ಆ ಚಿತ್ರಗಳು ಹುಟ್ಟುತ್ತಿದ್ದುವೆ? ಇಲ್ಲ, ಹುಟ್ಟುತ್ತಿರಲಿಲ್ಲ. ಇದು ನಿಜವಾದ ನಷ್ಟವೇ. ನಾನು ಅದನ್ನು ಹಗುರಮಾಡಲಾರೆ. ಆದರೆ ಅಂಥ ಚಿತ್ರದ ಹಿಂದೆ ಒಬ್ಬ ಹೆಸರುಳ್ಳ ಮನುಷ್ಯನಿದ್ದ, ಒಬ್ಬ ಸಂಪಾದಕನಿದ್ದ. ಜಗಳವಾಡಬೇಕೆಂದರೆ ಒಂದು ವಿಳಾಸವಿತ್ತು. ಪತ್ರಿಕೆಯಲ್ಲಿ ಅಚ್ಚಾದದ್ದು ವಾರ ಕಳೆಯುವಷ್ಟರಲ್ಲಿ ಕಡಲೆಕಾಯಿಯ ಪೊಟ್ಟಣವಾಗುತ್ತಿತ್ತು. ಒಬ್ಬ ಸತ್ಯನ್ ಅವರಿಗೆ ನಾವು ಸಂತೋಷದಿಂದ ಬಿಟ್ಟುಕೊಟ್ಟ ಸಲಿಗೆಯನ್ನು 300 ಕೋಟಿ ಜನರ ಜೇಬಿಗೆ ಹಾಕಿದರೆ ಅದು ಅದೇ ಸಲಿಗೆಯಾಗಿ ಉಳಿಯುವುದೆ? ನನ್ನ ಮಟ್ಟಿಗೆ ಹೇಳುವುದಾದರೆ, ನನ್ನ ಚಿತ್ರ ಕಲೆಯಾಗಿರಲಿಲ್ಲ. ಕಲೆಯೆಂದು ನಾನು ಅಂದುಕೊಂಡಿದ್ದೆ. ಹರಿದ ಮೊಣಕೈ ಅಂದವಾಗಿ ಕಂಡದ್ದು ಅದು ನನ್ನದಲ್ಲವಾದ್ದರಿಂದ.

ಆಕೆ ಕೇಳಿದ ದಿನವೇ ಚಿತ್ರವನ್ನು ಅಳಿಸಿದೆ. ಅದು ಮೂವತ್ತು ದಿನದ ಪೆಟ್ಟಿಗೆಗೆ ಹೋಗಿ ಕುಳಿತಿತು. ಅಲ್ಲಿಂದಲೂ ಈಗಲೇ ತೆಗೆದುಹಾಕಬಹುದು ಎಂದು ಮೊಮ್ಮಗಳು ತೋರಿಸಿಕೊಟ್ಟಳು. ಇನ್ನೊಂದು ಸಲ ಒತ್ತಿದರೆ ಆಯಿತು. ನಾಳೆ ಒತ್ತುತ್ತೇನೆ ಎಂದೆ. ನಾನು ತೆಗೆದ ಚಿತ್ರಗಳಲ್ಲೆಲ್ಲ ಅದೇ ಚೆನ್ನಾಗಿ ಬಂದದ್ದೆಂದು ಅವಳಿಗೆ ಹೇಳಲು ನಾಚಿಕೆಯಾಯಿತು. ರಜ ಮುಗಿದು ಅವಳು ಊರಿಗೆ ಹೋದಳು. ರಾತ್ರಿ ಒಂದೊಂದು ಸಲ ಪೆಟ್ಟಿಗೆಯನ್ನು ತೆರೆದು ನೋಡುತ್ತೇನೆ. ಕೆಳಗೆ ಉಳಿದ ದಿನಗಳ ಲೆಕ್ಕ ಇರುತ್ತದೆ.

ನಿನ್ನೆ ಬೆಳಿಗ್ಗೆ ಹೂವಿಗೆ ಹೋದಾಗ ಆಕೆ ಮೇಲಕ್ಕೆ ನೋಡದೆ ಕಟ್ಟುತ್ತಲೇ ಕೇಳಿದಳು: “ಅದು ಹೋಯ್ತಾ ಮೇಷ್ಟ್ರೇ?”

“ಇನ್ನು ಹನ್ನೊಂದು ದಿನ ಇದೆಯಮ್ಮ” ಎಂದೆ.